ಸರಿಯಾದ ಬಣ್ಣವನ್ನೇ ಬಳಿದರೂ ನನ್ನ ಟ್ಯಾಂಕ್ ಆಟಿಕೆಯಂತೆ ಕಾಣುವುದೇಕೆ?

ಪ್ರಶ್ನೆ: 1/35 ಅಳತೆಯ ಟಿ-34 ಟ್ಯಾಂಕಿನ ಮಾದರಿಯನ್ನು ಎರಡು ತಿಂಗಳು ಕುಳಿತು ಜೋಡಿಸಿದೆ. ಸೂಚನಾ ಪತ್ರದಲ್ಲಿ ಹೇಳಿದ ಹಸಿರನ್ನೇ ಬಳಿದೆ. ಬಣ್ಣ ಎಲ್ಲಿಯೂ ಸೋರಿಲ್ಲ, ಕುಂಚದ ಗೆರೆಯೂ ಉಳಿದಿಲ್ಲ. ಆದರೂ ಕಪಾಟಿನಲ್ಲಿಟ್ಟು ನೋಡಿದರೆ ಮಕ್ಕಳ ಆಟಿಕೆಯಂತೆ ಕಾಣುತ್ತದೆ. ಎಲ್ಲಿ ತಪ್ಪಿದೆ? ಬಣ್ಣ ತೆಗೆದು ಮತ್ತೆ ಬಳಿಯಬೇಕೇ?

ಉತ್ತರ: ಬಣ್ಣ ತೆಗೆಯಬೇಡಿ. ನೀವು ಅರ್ಧ ದಾರಿಗೆ ಬಂದು ನಿಂತಿದ್ದೀರಿ, ಅಷ್ಟೆ. ಮೈತುಂಬ ಒಂದೇ ಹಸಿರು ಬಳಿದು ಒಣಗಿಸಿದ ಹೊತ್ತಿನಲ್ಲಿ ಯಾರ ಟ್ಯಾಂಕಾದರೂ ಆಟಿಕೆಯಂತೆಯೇ ಕಾಣುತ್ತದೆ, ಇಪ್ಪತ್ತು ವರ್ಷ ಪಳಗಿದ ಕೈ ಮಾಡಿದ್ದು ಕೂಡ.

ಕಾರಣ ಬೆಳಕು. ಎರಡನೆಯ ಮಹಾಯುದ್ಧದ ಸೋವಿಯತ್ ಟ್ಯಾಂಕಾದ ನಿಜವಾದ ಟಿ-34 ಬಿಸಿಲಿನಲ್ಲಿ ನಿಲ್ಲುವ ವಾಹನ. ನೇರ ಬಿಸಿಲಿನ ಪ್ರಖರತೆ ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಕೋಣೆಯ ದೀಪದ್ದು ಕೆಲವು ನೂರು ಲಕ್ಸ್ ಮಾತ್ರ. ಸುಮಾರು ಆರು ಮೀಟರ್ ಉದ್ದದ ಉಕ್ಕಿನ ಒಡಲು ನಿಮ್ಮ ಮೇಜಿನ ಮೇಲೆ 17 ಸೆಂಟಿಮೀಟರ್‌ಗೆ ಇಳಿದಿದೆ. ಅಷ್ಟು ಸಣ್ಣ ವಸ್ತುವಿನ ಮುಂದೆ ಕೋಣೆಯ ದೀಪವೇ ದೊಡ್ಡದು. ಗೋಡೆಗೂ ಚಾವಣಿಗೂ ಬಡಿದು ಚೆದುರಿದ ಬೆಳಕು ನಾಲ್ಕೂ ಕಡೆಯಿಂದ ಬಂದು ಸಂದುಗೊಂದುಗಳಿಗೆಲ್ಲ ನುಗ್ಗುತ್ತದೆ. ಗೋಪುರದ (ಫಿರಂಗಿ ಹೊತ್ತು ತಿರುಗುವ ಮೇಲ್ಭಾಗದ) ಬುಡದಲ್ಲಿ ಬೀಳಬೇಕಾದ ಕಪ್ಪು ನೆರಳು ಬೀಳುವುದಿಲ್ಲ, ಮುಚ್ಚಳದ ಅಂಚಿನಲ್ಲಿ ಮಿಂಚಬೇಕಾದ ಗೆರೆ ಮಿಂಚುವುದಿಲ್ಲ. ಹಸಿರು ಒಂದೇ ಸಮನೆ ಹರಡಿಕೊಂಡಿರುವುದನ್ನು ಕಂಡ ಕಣ್ಣಿಗೆ ಅದು ಪ್ಲಾಸ್ಟಿಕ್ ಎಂದು ತಕ್ಷಣ ತಿಳಿದುಬಿಡುತ್ತದೆ. ಹಾಗಾಗಿ ಕೋಣೆಯಲ್ಲಿ ಇಲ್ಲದ ನೆರಳನ್ನೂ ಬಿಸಿಲನ್ನೂ ನಾವೇ ಕುಂಚದಿಂದ ಬರೆಯಬೇಕು. ಮಾದರಿಗೆ ಬಣ್ಣ ಹಾಕುವುದರಲ್ಲಿ ಮುಕ್ಕಾಲು ಪಾಲು ಇದೇ ಕೆಲಸ.

"ಸರಿಯಾದ ಹಸಿರು" ಎಂಬ ಚಿಂತೆಯನ್ನು ಮೊದಲು ಬಿಡಿ. ಸೋವಿಯತ್ ಸೇನೆಯ 4ಬಿಒ ಹಸಿರಿಗೆ ಕಾಗದದ ಮೇಲೆ ಒಂದೇ ಹೆಸರು. ಆದರೆ ಟಿ-34 ತಯಾರಾದದ್ದು ಖಾರ್ಕಿವ್, ಸ್ಟಾಲಿನ್‌ಗ್ರಾಡ್, ನಿಝ್ನಿ ತಗಿಲ್ ಮುಂತಾದ ಹಲವು ಊರುಗಳ ಕಾರ್ಖಾನೆಗಳಲ್ಲಿ, ಅದೂ ಯುದ್ಧದ ಅವಸರದಲ್ಲಿ. ಜರ್ಮನರ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1943ರ ಫೆಬ್ರವರಿಯಲ್ಲಿ ಅವರು ಗಾಢ ಬೂದು ಬಣ್ಣವನ್ನು ಬಿಟ್ಟು ಹಳದಿಗೆ ತಿರುಗಿದರು. ಅದರ ಮೇಲೆ ಪಟ್ಟೆ ಎಳೆಯಲು ಬೇಕಾದ ಹಸಿರು ಮತ್ತು ಕೆಂಗಂದು ಬಣ್ಣಗಳು ದಪ್ಪ ಲೇಪದ ರೂಪದಲ್ಲಿ ಡಬ್ಬಿಗಳಲ್ಲಿ ಸೈನಿಕರ ಕೈಗೇ ಬಂದವು. ಪೆಟ್ರೋಲ್ ಇದ್ದವರು ಪೆಟ್ರೋಲಿನಲ್ಲಿ, ಇಲ್ಲದವರು ನೀರಿನಲ್ಲಿ ಕದಡಿ ಬಳಿದರು. ಅದೇ ಬಣ್ಣ ಒಂದು ಟ್ಯಾಂಕಿನ ಮೇಲೆ ದಟ್ಟವಾಗಿ, ಪಕ್ಕದ್ದರ ಮೇಲೆ ತೆಳ್ಳಗೆ ನಿಂತಿತು. ಇದನ್ನು ತಿಳಿದ ಮೇಲೆ ನಾನು ಬಣ್ಣದ ಸಂಖ್ಯೆಗಳ ಬಗ್ಗೆ ವಾದಕ್ಕೆ ಇಳಿಯುವುದನ್ನು ಬಿಟ್ಟೆ.

ಒಂದು ಮಾತ್ರ ನೆನಪಿಡಿ. ಬಿಸಿಲಿನಲ್ಲಿ ಚೆನ್ನಾಗಿ ಕಾಣುವ ಹಸಿರು ಕೋಣೆಯೊಳಗೆ ಕಪ್ಪಿಟ್ಟಂತೆ ಕಾಣುತ್ತದೆ. ಆದ್ದರಿಂದ ಬಣ್ಣ ಸ್ವಲ್ಪ ತಿಳಿಯಾಗಿರಬೇಕು. ಬಿಳಿ ಬೆರೆಸಿದರೆ ಹಸಿರು ಸುಣ್ಣ ಬಳಿದಂತೆ ಸಪ್ಪೆಯಾಗುತ್ತದೆ. ಹಳದಿಯನ್ನೋ ಮರಳಿನ ಬಣ್ಣವನ್ನೋ ಬೆರೆಸಿ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇದ್ದರೆ ಆ ತಿಳಿ ಹಸಿರನ್ನು ಹಾಲಿನ ಹದಕ್ಕೆ ತೆಳು ಮಾಡಿ, ಆಕಾಶಕ್ಕೆ ಮುಖ ಮಾಡಿದ ಭಾಗಗಳ ನಡುವೆ ಮಾತ್ರ, ಅಂಚುಗಳನ್ನು ಬಿಟ್ಟು, ಮಂಜಿನಂತೆ ಹಾಯಿಸಿ. ಗೋಪುರದ ನೆತ್ತಿ, ಎಂಜಿನ್ನಿನ ಮೇಲುಹೊದಿಕೆ, ಚಕ್ರಗಳ ಮೇಲಿನ ರೆಕ್ಕೆಗಳು, ಇಷ್ಟು ಸಾಕು. ಏರ್‌ಬ್ರಷ್ ಇಲ್ಲದಿದ್ದರೆ ಈ ಹಂತವನ್ನು ಬಿಟ್ಟರೂ ನಡೆಯುತ್ತದೆ. ಮುಂದಿನದನ್ನು ಬಿಟ್ಟರೆ ನಡೆಯುವುದಿಲ್ಲ.

ಮುಂದಿನದು ವಾಶ್. ಗಾಢ ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಿನಷ್ಟು ತೆಳುವಾಗಿಸಿ ಸಂದುಗಳಿಗೆ ಹರಿಯಬಿಡುವ ಕೆಲಸ ಇದು. ನೆರಳು ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಅದಕ್ಕೂ ಮೊದಲು ಮೈಗೆಲ್ಲ ಹೊಳಪಿನ ವಾರ್ನಿಷ್ ಹಾಕಬೇಕು. ಟ್ಯಾಂಕಿಗೆ ಹೊಳಪು ಏಕೆ ಎಂದು ಅನೇಕರು ಇಲ್ಲಿ ಹಿಂಜರಿಯುತ್ತಾರೆ. ಹೊಳಪಿಲ್ಲದ ಬಣ್ಣದ ಮೈ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಅದರ ಮೇಲೆ ಬಿದ್ದ ವಾಶ್ ಬಿದ್ದಲ್ಲೇ ಹೀರಿಕೊಂಡು ಕಲೆಯಾಗುತ್ತದೆ. ನುಣುಪು ಮೈಯ ಮೇಲೆ ಅದು ನಿಲ್ಲದೆ ಜಾರಿ ಸಂದು ಹುಡುಕಿಕೊಂಡು ಹೋಗುತ್ತದೆ. ನಕ್ಷತ್ರ, ಸಂಖ್ಯೆಗಳ ತೆಳು ಅಂಟುಚಿತ್ರಗಳಾದ ಡೆಕಲ್‌ಗಳನ್ನು ಅಂಟಿಸುವುದೂ ಈ ಹೊಳಪಿನ ಮೇಲೆಯೇ. ಒರಟು ಮೈಯ ಮೇಲೆ ಅಂಟಿಸಿದರೆ ಹಾಳೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಹೊಳೆಯುತ್ತದೆ, ಆಮೇಲೆ ಅದನ್ನು ಹೋಗಲಾಡಿಸುವುದು ಕಷ್ಟ.

ನಿಮ್ಮ ಟಿ-34ರ ಹಿಂಭಾಗವನ್ನು ತಿರುಗಿಸಿಕೊಳ್ಳಿ. ಓರೆಯಾದ ತಟ್ಟೆಯ ನಡುವೆ ಒಂದು ದುಂಡು ಮುಚ್ಚಳ, ಅದರ ಸುತ್ತ ಬೋಲ್ಟುಗಳು, ಎರಡು ಬದಿಗೆ ಹೊಗೆ ಕೊಳವೆಗಳು ಇರುತ್ತವೆ. ಕಲಾವಿದರು ಬಳಸುವ ತೈಲವರ್ಣದಲ್ಲಿ ಗಾಢ ಕಂದನ್ನು ಆರಿಸಿಕೊಳ್ಳಿ. ಅಪ್ಪಟ ಕಪ್ಪು ಬೇಡ, ಅದು ಹಸಿರಿನ ಮೇಲೆ ಮಸಿಯಂತೆ ಕಣ್ಣಿಗೆ ಹೊಡೆಯುತ್ತದೆ. ಬಣ್ಣವನ್ನು ಒಂದು ರಟ್ಟಿನ ಚೂರಿನ ಮೇಲೆ ಅರ್ಧ ಗಂಟೆ ಇಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರುತ್ತದೆ, ಬಣ್ಣ ಹೊಳೆಯದೆ ಒಣಗುತ್ತದೆ. ಅದನ್ನು ತೆಳು ಮಾಡಿ, ಅತಿ ಸಣ್ಣ ಕುಂಚದ ತುದಿಯನ್ನು ಅದ್ದಿ, ಮುಚ್ಚಳದ ಅಂಚಿಗೆ ಒಂದೇ ಕಡೆ ಮುಟ್ಟಿಸಿ. ಬಣ್ಣ ತಾನಾಗಿಯೇ ಅಂಚು ಹಿಡಿದು ಓಡಿ ಸುತ್ತು ಮುಗಿಸುತ್ತದೆ. ಪ್ರತಿ ಬೋಲ್ಟಿನ ಬುಡಕ್ಕೂ ಒಂದೊಂದು ಚುಕ್ಕೆ ಇಡಿ. ಇಪ್ಪತ್ತು ನಿಮಿಷ ಬಿಟ್ಟು, ಟರ್ಪೆಂಟೈನ್ ತಾಗಿಸಿ ಬಟ್ಟೆಗೆ ಒರಸಿದ ಕುಂಚದಿಂದ ಹೊರಗೆ ಹರಡಿದ್ದನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಸಂದಿನಲ್ಲಿ ನೆರಳು ಉಳಿಯುತ್ತದೆ, ತಟ್ಟೆಯ ಮೇಲೆ ಮಳೆ ನೀರು ಇಳಿದಂತೆ ನವುರಾದ ಗೆರೆ ಉಳಿಯುತ್ತದೆ. ಅಲ್ಲಿಯವರೆಗೆ ಅಚ್ಚಿನಲ್ಲಿ ಮೂಡಿದ ಉಬ್ಬಾಗಿದ್ದ ಮುಚ್ಚಳ ಈಗ ಬಿಚ್ಚಿ ತೆಗೆಯಬಹುದಾದ ಮುಚ್ಚಳದಂತೆ ಕಾಣುತ್ತದೆ. ಎಷ್ಟು ಸಲ ಮಾಡಿದರೂ ಈ ಗಳಿಗೆಯಲ್ಲಿ ನನಗಾಗುವ ಸಂತೋಷ ಕಡಿಮೆಯಾಗಿಲ್ಲ.

ಎಚ್ಚರಿಕೆ: ವಾಶನ್ನು ಮಡುಗಟ್ಟಲು ಬಿಡಬೇಡಿ. ಒಮ್ಮೆ ನಾನು ಚಕ್ರಗಳ ಹಿಂದೆ ಧಾರಾಳವಾಗಿ ಸುರಿದು ಹಾಗೆಯೇ ಬಿಟ್ಟಿದ್ದೆ. ಮರುದಿನ ಎತ್ತಿದಾಗ ಎರಡು ಚಕ್ರಗಳು ಇರುಸಿನ ಸಮೇತ ಕಳಚಿ ಬಂದವು. ಬಣ್ಣ ತಾಗದ, ಬಿಗಿದುಕೊಂಡಿರುವ ಪ್ಲಾಸ್ಟಿಕ್ಕಿನೊಳಗೆ ಆ ದ್ರಾವಕ ಇಳಿದರೆ ಪ್ಲಾಸ್ಟಿಕ್ ಪೆಡಸಾಗಿ ಬಿರಿಯುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಆ ಆವಿ ನಿಮಗೂ ಒಳ್ಳೆಯದಲ್ಲ.

ನೆರಳಿನ ಜೊತೆಗೆ ಬಿಸಿಲು. ಕುಂಚಕ್ಕೆ ತಿಳಿ ಹಸಿರು ತಾಗಿಸಿ, ಬಟ್ಟೆಗೆ ಉಜ್ಜಿ ಬಹುತೇಕ ಒಣಗಿಸಿ, ಉಬ್ಬಿದ ಅಂಚುಗಳ ಮೇಲೆ ಮಾತ್ರ ಸವರಿ. ವಾಶ್ ಮತ್ತು ಒಣ ಕುಂಚದ ಈ ಜೋಡಿಯನ್ನು 1970–80ರ ದಶಕಗಳಲ್ಲಿ ಹವ್ಯಾಸಿಗಳ ನಡುವೆ ಜನಪ್ರಿಯಗೊಳಿಸಿದವರಲ್ಲಿ ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ ಮುಖ್ಯರು. ಈಗ ಕೆಲವರು ಒಣ ಕುಂಚವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುತ್ತಾರೆ. ಹಗುರವಾದ ಕೈಯಲ್ಲಿ ಅದು ಇಂದಿಗೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದು ನನ್ನ ಅನುಭವ.

ಇನ್ನು ಗೀರು, ತುಕ್ಕು, ಧೂಳು. ಆಟಿಕೆಯ ನೋಟದಿಂದ ಪಾರಾದವರು ಹೆಚ್ಚಾಗಿ ಎಡವುವುದು ಇಲ್ಲಿ. ಕೈಗೆ ಉತ್ಸಾಹ ಹತ್ತಿದರೆ ನಿಲ್ಲುವುದಿಲ್ಲ. ಆಗ ಲೆಕ್ಕ ಹಾಕಿ: ನಿಮ್ಮ ಮಾದರಿಯ ಒಂದು ಮಿಲಿಮೀಟರ್ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಅರ್ಧ ಮಿಲಿಮೀಟರ್ ದಪ್ಪ ಮೆತ್ತಿದ ಧೂಳು ಒಂದೂಮುಕ್ಕಾಲು ಸೆಂಟಿಮೀಟರ್ ದಪ್ಪದ ಹೆಂಟೆ. ಮೂವತ್ತು ಸೆಂಟಿಮೀಟರ್ ದೂರದಿಂದ ಮಾದರಿಯನ್ನು ನೋಡುವುದೆಂದರೆ ನಿಜವಾದ ಟ್ಯಾಂಕನ್ನು ಹತ್ತೂವರೆ ಮೀಟರ್ ಆಚೆಯಿಂದ ನೋಡಿದಂತೆ. ಅಷ್ಟು ದೂರದಿಂದ ಯಾವ ಗೀರು ಕಾಣುತ್ತದೋ ಅದನ್ನು ಮಾತ್ರ ಬರೆಯಿರಿ. (ಈ 35 ಎಂಬ ಸಂಖ್ಯೆ ಹುಟ್ಟಿದ್ದೂ ಆಕಸ್ಮಿಕವಾಗಿ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ತನ್ನ ಪ್ಯಾಂಥರ್ ಟ್ಯಾಂಕನ್ನು ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿತು. ಆಮೇಲೆ ಅಳೆದು ನೋಡಿದಾಗ ಅದು ಮೂಲದ ಸುಮಾರು ಮೂವತ್ತೈದನೆಯ ಒಂದು ಭಾಗವಾಗಿತ್ತು. ಉಳಿದವರೂ ಅದೇ ಅಳತೆಯನ್ನು ಹಿಡಿದರು.)

ಗೀರುಗಳು ಎಲ್ಲಿ ಬೇಕೆಂದರೆ ಅಲ್ಲಿ ಬೀಳುವುದಿಲ್ಲ. ಸೈನಿಕರು ಬೂಟು ಊರಿ ಹತ್ತುವ ಜಾಗ, ಅವರು ತೆರೆದು ಮುಚ್ಚುವ ಬಾಗಿಲಿನ ಅಂಚು, ಮರಕ್ಕೆ ತಾಗುವ ರೆಕ್ಕೆಯ ಮೂಲೆ, ಇವನ್ನು ಕಲ್ಪಿಸಿಕೊಂಡು ಸ್ಪಂಜಿನ ಚೂರಿನಿಂದ ಗಾಢ ಕಂದನ್ನು ಒತ್ತಿ. ಬೆಳ್ಳಿ ಬಣ್ಣ ಬಳಸಬೇಡಿ; ಬಯಲಿಗೆ ಬಿದ್ದ ಉಕ್ಕು ಬೇಗ ಕಂದಾಗುತ್ತದೆ. ಕೆಂಪು ತುಕ್ಕನ್ನು ಬೆಂಕಿ ಉಂಡ ಹೊಗೆ ಕೊಳವೆಗಳಿಗೆ ಮೀಸಲಿಡಿ. ನೆಲಕ್ಕೆ ಉಜ್ಜುತ್ತಲೇ ಇರುವ ಸರಪಳಿಗೆ ಕೆಂಪು ತುಕ್ಕು ಹಿಡಿಯಲು ಪುರಸೊತ್ತಿಲ್ಲ. ಅದರ ಬಣ್ಣ ಗಾಢ ಕಂದು, ನೆಲ ಮುಟ್ಟುವ ಉಬ್ಬುಗಳಲ್ಲಿ ಮಾತ್ರ ಲೋಹದ ಹೊಳಪು. ಪೆನ್ಸಿಲ್ಲಿನ ಸೀಸದ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಆ ಹೊಳಪು ಬರುತ್ತದೆ. ಟಿ-34ರ ಚಾಲಕ ಚಕ್ರ ಸರಪಳಿಯ ಒಳಮೈಯ ಕೊಂಬುಗಳನ್ನು ಹಿಡಿದು ಎಳೆಯುತ್ತದೆ, ಆ ಕೊಂಬುಗಳಿಗೂ ಸ್ವಲ್ಪ ಹೊಳಪು ಕೊಡಿ. ಸರಪಳಿಯ ಮೇಲ್ಭಾಗವನ್ನು ಎತ್ತಿ ಹಿಡಿಯುವ ಉರುಳೆಗಳು ಈ ಟ್ಯಾಂಕಿಗೆ ಇಲ್ಲ, ಅದು ಚಕ್ರಗಳ ಮೇಲೆಯೇ ಒರಗಿಕೊಂಡಿರುತ್ತದೆ. ನಿಮ್ಮದು ಬಿಗಿಯಾಗಿ ನೇರ ನಿಂತಿದ್ದರೆ ಚಕ್ರಗಳಿಗೆ ಒತ್ತಿ ಅಂಟಿಸಿ. ಆಟಿಕೆಯ ನೋಟಕ್ಕೆ ಅರ್ಧ ಕಾರಣ ಅದೇ ಆಗಿದ್ದರೂ ಆಶ್ಚರ್ಯವಿಲ್ಲ. ಫಿರಂಗಿಯ ನಳಿಗೆಯ ಉದ್ದಕ್ಕೆ ಅಚ್ಚಿನ ಗೆರೆ ಉಳಿದಿದೆಯೇ ಎಂದೂ ನೋಡಿ. ಇದ್ದರೆ ನಯವಾದ ಉಪ್ಪು ಕಾಗದದಿಂದ ಉಜ್ಜಿ, ಅಷ್ಟಕ್ಕೇ ಬಣ್ಣ ಹಚ್ಚಿ.

ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷ್, ಕೊನೆಗೆ ಕೆಳಭಾಗಕ್ಕೆ ಚೂರೇ ಚೂರು ಮಣ್ಣಿನ ಬಣ್ಣದ ಪುಡಿ. ವಾರ್ನಿಷ್ ಒಣಗುವವರೆಗೆ ಟ್ಯಾಂಕ್ ಹೇಗಿದೆ ಎಂದು ತೀರ್ಮಾನಿಸಬೇಡಿ. ಹೊಳಪು ಹೋದಾಗಲೇ ನೆರಳುಗಳು ಒಂದಕ್ಕೊಂದು ಕೂಡಿಕೊಳ್ಳುವುದು.

ನೀವು ಬಳಿದ ಹಸಿರು ಅಕ್ರಿಲಿಕ್ಕೋ ಎನಾಮಲ್ಲೋ ಬರೆದಿಲ್ಲ. ಹತ್ತಿಯ ತುದಿಗೆ ಟರ್ಪೆಂಟೈನ್ ತಾಗಿಸಿ ಟ್ಯಾಂಕಿನ ಅಡಿಭಾಗದಲ್ಲಿ ಒಂದು ಮೂಲೆಗೆ ಉಜ್ಜಿ ನೋಡಿ. ಹತ್ತಿ ಹಸಿರಾಗದಿದ್ದರೆ ಅಕ್ರಿಲಿಕ್ ವಾರ್ನಿಷ್ ಒಂದು ಸಲ ಸಾಕು. ಹಸಿರಾದರೆ ಎರಡು ಸಲ ತೆಳ್ಳಗೆ ಹಾಕಿ, ಪೂರ್ತಿ ಒಂದು ದಿನ ಒಣಗಲು ಬಿಡಿ. ಇಲ್ಲದಿದ್ದರೆ ವಾಶ್ ನಿಮ್ಮ ಎರಡು ತಿಂಗಳ ಬಣ್ಣವನ್ನೇ ಕರಗಿಸುತ್ತದೆ. ಆಮೇಲೆ ಹಿಂಭಾಗದ ಆ ದುಂಡು ಮುಚ್ಚಳದಿಂದಲೇ ಆರಂಭಿಸಿ.