ಪಟ್ಟಿ ಬೇರೆ, ಪಟ್ಟೆ ಬೇರೆ

‘ನಮ್ಮ ರಾಷ್ಟ್ರಧ್ವಜದಲ್ಲಿ ಮೂರು ಪಟ್ಟೆಗಳಿವೆ’ ಎಂಬ ವಾಕ್ಯ ಪ್ರತಿ ಆಗಸ್ಟ್‌ನಲ್ಲೂ ಎಲ್ಲಾದರೂ ಅಚ್ಚಾಗುತ್ತದೆ. ಈಚೆಗೆ ಇನ್ನೊಂದು ಕಡೆ ‘ಪಟ್ಟಿ ಹುಲಿ’ಯೂ ಕಾಣಿಸಿಕೊಂಡಿತು. ಪಟ್ಟಿ, ಪಟ್ಟೆ ಎರಡೂ ಒಂದೇ ಪದದ ಎರಡು ಉಚ್ಚಾರಣೆಗಳು ಎಂದುಕೊಂಡವರ ಬರವಣಿಗೆ ಇದು. ಹುಟ್ಟು ಒಂದೇ ಇರಬಹುದು, ಬಳಕೆ ಒಂದೇ ಅಲ್ಲ.

ಎರಡರ ಮೂಲವೂ ಸಂಸ್ಕೃತದ ‘ಪಟ್ಟ’. ಗಾಯಕ್ಕೆ ಸುತ್ತುವ ಬಟ್ಟೆ, ತಲೆಗೆ ಕಟ್ಟುವ ವಸ್ತ್ರ, ಹಲಗೆ, ಚಪ್ಪಡಿ, ರೇಷ್ಮೆ ಇವೆಲ್ಲ ಅದರ ಅರ್ಥಗಳು. ರಾಜನ ಹಣೆಗೆ ಕಟ್ಟುತ್ತಿದ್ದ ಪಟ್ಟಿಯೇ ಪಟ್ಟ. ಆದ್ದರಿಂದಲೇ ನಾವು ಇಂದಿಗೂ ಪಟ್ಟವನ್ನು ‘ಕಟ್ಟುತ್ತೇವೆ’. ಅಧಿಕಾರವನ್ನು ಯಾರೂ ಕಟ್ಟುವುದಿಲ್ಲ. ಕಟ್ಟಲು ಬಟ್ಟೆಯೋ ಚಿನ್ನದ ತಗಡೋ ಬೇಕು. ಚಾಲುಕ್ಯರ ಪಟ್ಟಾಭಿಷೇಕ ನಡೆಯುತ್ತಿದ್ದ ಪಟ್ಟದಕಲ್ಲು ಈ ಪದವನ್ನು ಊರ ಹೆಸರಿನಲ್ಲೇ ಉಳಿಸಿಕೊಂಡಿದೆ.

ಇದರಿಂದ ಬಂದ ‘ಪಟ್ಟಿ’ ಕೈಗೆ ಸಿಗುವ ವಸ್ತುವಿನ ಹೆಸರು. ಗಾಯದ ಪಟ್ಟಿ, ಸೊಂಟಪಟ್ಟಿ, ಅಂಗಿಯ ಕೊರಳಪಟ್ಟಿ ಇವೆಲ್ಲ ಉದ್ದವಾಗಿ ಕತ್ತರಿಸಿದ ತುಂಡುಗಳು. ಉದ್ದನೆಯ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದದ್ದೂ ಪಟ್ಟಿಯಾಯಿತು: ಬೆಲೆಪಟ್ಟಿ, ಮತದಾರರ ಪಟ್ಟಿ. ‘ಪಟ್ಟೆ’ ಎರಡು ದಾರಿ ಹಿಡಿಯಿತು. ಒಂದು ದಾರಿಯಲ್ಲಿ ಅದು ರೇಷ್ಮೆ. ‘ಪಟ್ಟೆ ಪೀತಾಂಬರ’ ಎನ್ನುವಾಗ ಯಾರ ಕಣ್ಣ ಮುಂದೆಯೂ ಗೆರೆಗಳು ಬರುವುದಿಲ್ಲ. ಕರಾವಳಿಯಲ್ಲಿ ‘ಪಟ್ಟೆ ಸೀರೆ’ ಎಂದರೆ ರೇಷ್ಮೆ ಸೀರೆ ಎಂದೇ ತಿಳಿಯುವವರಿದ್ದಾರೆ. ಗೆರೆಯಿರುವ ಹತ್ತಿ ಸೀರೆಗೆ ಆ ಹೆಸರಿಟ್ಟು ಮಾರಿದರೆ ಅವರಿಗೆ ಮೋಸವಾದಂತೆ ಅನಿಸುವುದು ಸಹಜ. ಇನ್ನೊಂದು ದಾರಿಯಲ್ಲಿ ಪಟ್ಟೆ ಎಂದರೆ ಮೈಮೇಲಿನ ಗುರುತು.

ನನ್ನ ವಾದ ಇಷ್ಟೇ: ಪಟ್ಟೆಗೆ ಒಂದು ನೆಲ ಬೇಕು. ಅದು ಇನ್ನೊಂದು ಬಣ್ಣದ ಮೇಲೆ ಮೂಡಬೇಕು, ಮತ್ತೆ ಮತ್ತೆ ಬರಬೇಕು. ಮಂಗಳೂರಿನ ದಸರಾ ಹುಲಿವೇಷದಲ್ಲಿ ಮೈಗೆಲ್ಲ ಹಳದಿ ಬಳಿದು, ಅದು ಒಣಗಿದ ಮೇಲೆ ಕಪ್ಪು ಎಳೆಯುತ್ತಾರೆ. ಆ ಹಳದಿಯೇ ನೆಲ. ಹಳದಿಯನ್ನು ಯಾರೂ ಪಟ್ಟೆ ಎನ್ನುವುದಿಲ್ಲ. ಇದೇ ಗುರುತಿಗೆ ನಮ್ಮಲ್ಲಿ ಅಚ್ಚ ದ್ರಾವಿಡ ಪದವೂ ಇದೆ: ಬರೆ. ‘ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು’ ಎಂಬ ಗಾದೆಯಲ್ಲಿ ಬರೆ ಎಂದರೆ ಕಾದ ಕಬ್ಬಿಣದ ಸುಟ್ಟ ಗುರುತು ಮಾತ್ರ ಎಂದುಕೊಂಡರೆ ಗಾದೆಯ ಅರ್ಧ ಸೊಗಸು ಹೋಯಿತು. ಹುಲಿಯ ಮೈಮೇಲಿನದೂ ಬರೆಯೇ. ಗೆರೆ ಎಳೆ, ಚಿತ್ರಿಸು, ಅಕ್ಷರ ಬರೆ ಎಲ್ಲಕ್ಕೂ ಬೇರು ಒಂದೇ. ತಮಿಳಿನ ‘ವರೈ’ ಇದರ ಒಡಹುಟ್ಟು. ಹುಲಿಗೆ ಹುಟ್ಟಿನಿಂದ ಬಂದದ್ದನ್ನು ನರಿ ಸುಟ್ಟುಕೊಂಡು ಪಡೆಯಲು ಹೋಯಿತು.

ಈಗ ರಾಷ್ಟ್ರಧ್ವಜಕ್ಕೆ ಬರೋಣ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಈ ಬಾವುಟದಲ್ಲಿ ಕೇಸರಿ, ಬಿಳಿ, ಹಸಿರು ಸಮಾನ ಅಗಲದಲ್ಲಿವೆ. ಯಾವುದು ನೆಲ, ಯಾವುದು ಗುರುತು? ಪ್ರಶ್ನೆಗೆ ಉತ್ತರವೇ ಇಲ್ಲ, ಏಕೆಂದರೆ ಇಲ್ಲಿ ಯಾವ ಬಣ್ಣವೂ ಇನ್ನೊಂದರ ಮೇಲೆ ಕುಳಿತಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಾಗುವ ರೀತಿ ನೋಡಿದರೆ ಸಂಶಯ ಪೂರ್ತಿ ಹೋಗುತ್ತದೆ. ಬಣ್ಣಗಳ ಬಟ್ಟೆ ಬೇರೆ ಬೇರೆಯಾಗಿ ಸಿದ್ಧವಾಗುತ್ತದೆ, ಬಿಳಿಯ ಮೇಲೆ ಚಕ್ರ ಅಚ್ಚಾಗುತ್ತದೆ, ಆಮೇಲೆ ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಕತ್ತರಿಸಿ ಜೋಡಿಸಿದ ಈ ತುಂಡುಗಳಿಗೆ ಪಟ್ಟಿ ಎನ್ನದೆ ಇನ್ನೇನು ಎನ್ನುವುದು? ಅಮೆರಿಕದ ಬಾವುಟದ ಮಾತು ಬೇರೆ. ಏಳು ಕೆಂಪು, ಆರು ಬಿಳಿ ಸರದಿಯಂತೆ ಬರುವ ಆ ಹದಿಮೂರನ್ನು ಧಾರಾಳವಾಗಿ ಪಟ್ಟೆ ಎನ್ನಬಹುದು. ಗೆರೆ ಎಂಬ ಪದವನ್ನು ಮಾತ್ರ ಎರಡೂ ಕಡೆ ಬಳಸಬೇಡಿ. ಗೆರೆಗೆ ಉದ್ದವಿದೆ, ಹೇಳಿಕೊಳ್ಳುವಂಥ ಅಗಲವಿಲ್ಲ.

ಚೌಕಳಿಯನ್ನೂ ಪಟ್ಟೆ ಎಂದು ಬರೆಯುವವರಿದ್ದಾರೆ. ಮಗ್ಗದ ಹಾಸಿನಲ್ಲಿ, ಎಂದರೆ ಉದ್ದ ನೂಲಿನಲ್ಲಿ, ಬಂದ ಪಟ್ಟೆಯನ್ನು ಹೊಕ್ಕಿನಲ್ಲಿ, ಎಂದರೆ ಅಡ್ಡ ನೂಲಿನಲ್ಲಿ, ಬಂದ ಪಟ್ಟೆ ದಾಟಿದಾಗ ಚೌಕಳಿ. ಉಡುಪಿ ಸೀರೆಯ ಒಡಲಿನಲ್ಲಿ ಇದನ್ನು ನೋಡಬಹುದು. ಕೆಂಪು ಮತ್ತು ಬಿಳಿ ನೂಲಿನಿಂದ ನೇಯ್ದರೆ ಅಚ್ಚ ಕೆಂಪು, ಅಚ್ಚ ಬಿಳಿಯ ಜೊತೆಗೆ ಎರಡೂ ಬೆರೆತ ಮೂರನೆಯ ಛಾಯೆಯೂ ಹುಟ್ಟುತ್ತದೆ. ಕ್ರೊಯೇಷಿಯಾದ ಲಾಂಛನದಲ್ಲಿ ಆ ಮೂರನೆಯ ಛಾಯೆ ಇಲ್ಲ, ಬರೀ ಕೆಂಪು ಮನೆ, ಬಿಳಿ ಮನೆ. ಅದು ಚದುರಂಗದ ಹಾಸು. ಅದನ್ನು ಚೌಕಳಿ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಅಡ್ಡ, ಉದ್ದಗಳ ಗೊಂದಲ ಇನ್ನೂ ಹೆಚ್ಚಿನದು. ‘ಉದ್ದ ಪಟ್ಟೆಯ ಅಂಗಿ’ ಎಂದರೆ ಕೊರಳಿನಿಂದ ಕೆಳಕ್ಕೆ ಇಳಿದದ್ದು, ಇದರಲ್ಲಿ ತಕರಾರಿಲ್ಲ. ಆದರೆ 3:2 ಪ್ರಮಾಣದ ಬಾವುಟದ ಉದ್ದ ಮಲಗಿರುತ್ತದೆ. ಅಲ್ಲಿ ‘ಉದ್ದ ಪಟ್ಟಿ’ ಎಂದರೆ ಭಾರತದ್ದೂ ಆಗಬಹುದು, ಫ್ರಾನ್ಸಿನದೂ ಆಗಬಹುದು. ಬಾವುಟಕ್ಕೆ ಅಡ್ಡಪಟ್ಟಿ, ನಿಲುವುಪಟ್ಟಿ ಎಂದು ಬರೆಯಿರಿ. ಬಣ್ಣ ಹೇಳುವಾಗ ಅಡ್ಡಪಟ್ಟಿಯನ್ನು ಮೇಲಿನಿಂದ, ನಿಲುವುಪಟ್ಟಿಯನ್ನು ಕಂಬದ ಕಡೆಯಿಂದ ಶುರು ಮಾಡಿ. ಕ್ರಮ ತಪ್ಪಿದರೆ ದೇಶವೇ ಬದಲಾಗುತ್ತದೆ. ಹಸಿರು, ಬಿಳಿ, ಕಿತ್ತಳೆ ಐರ್ಲೆಂಡ್. ಕಿತ್ತಳೆ, ಬಿಳಿ, ಹಸಿರು ಐವರಿ ಕೋಸ್ಟ್. ಬಿಳಿ ಮೇಲೆ, ಕೆಂಪು ಕೆಳಗೆ ಇದ್ದರೆ ಪೋಲೆಂಡ್, ತಿರುಗಿಸಿದರೆ ಇಂಡೋನೇಷ್ಯಾ.

ಹಾಗಿರುವಾಗ ನಮ್ಮ ಕನ್ನಡ ಬಾವುಟವನ್ನು ‘ಕೆಂಪು ಹಳದಿ’ ಎಂದು ಬರೆಯುವುದೇಕೆ? ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ ಆ ಬಾವುಟದಲ್ಲಿ ಹಳದಿ ಮೇಲಿದೆ. ಅರಿಶಿನ ಕುಂಕುಮ ಎಂಬ ಜೋಡಿಪದ ಆ ಕ್ರಮವನ್ನು ಸರಿಯಾಗಿಯೇ ಹೇಳುತ್ತದೆ. ಕುಂಕುಮ ಅರಿಶಿನ ಎಂದು ಯಾರೂ ಹೇಳುವುದಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಮುಂದಿಟ್ಟ ನಾಡಧ್ವಜದ ವಿನ್ಯಾಸದಲ್ಲೂ ಹಳದಿಯೇ ಮೇಲೆ, ನಡುವೆ ಗಂಡಭೇರುಂಡವಿದ್ದ ಬಿಳಿ, ಕೆಳಗೆ ಕೆಂಪು. ಅದನ್ನು ತ್ರಿವರ್ಣ ಎಂದು ಕರೆದವರ ಲೆಕ್ಕ ತಪ್ಪಲ್ಲ, ಆದರೆ ಆ ಪದ ಕೇಳಿದ ಕನ್ನಡಿಗರಿಗೆ ತಟ್ಟನೆ ರಾಷ್ಟ್ರಧ್ವಜವೇ ನೆನಪಾಗುತ್ತದೆ. ‘ಮೂರು ಪಟ್ಟಿಯ ನಾಡಧ್ವಜ’ ಎಂದಿದ್ದರೆ ಸಾಕಿತ್ತು.

ರಾಷ್ಟ್ರಧ್ವಜವನ್ನು ಗೋಡೆಯ ಮೇಲೆ ನಿಲುವಾಗಿ ಹರಡಿದಾಗ ಕೇಸರಿ ಎಲ್ಲಿರಬೇಕು ಎಂಬಲ್ಲೂ ಬರೆಯುವವರು ಎಡವುತ್ತಾರೆ. ಧ್ವಜಸಂಹಿತೆ ‘ಧ್ವಜದ ಬಲಕ್ಕೆ’ ಎನ್ನುತ್ತದೆ. ಅದು ಧ್ವಜದ ಬಲ, ಎಂದರೆ ಎದುರು ನಿಂತವರ ಎಡ. ‘ಬಲಕ್ಕೆ ಕೇಸರಿ’ ಎಂದಷ್ಟೇ ಬರೆದರೆ ಓದಿದವರು ತಲೆಕೆಳಗಾಗಿ ಕಟ್ಟುತ್ತಾರೆ. ‘ನೋಡುವವರ ಎಡಕ್ಕೆ’ ಎಂದು ಬರೆಯಿರಿ.