ಎಬಿಎಕ್ಸ್: ಹೆಸರು ಮರೆಸಿ ಕೇಳಿಸುವ ಪರೀಕ್ಷೆ

ಒಂದೇ ಹಾಡಿನ ಎರಡು ಕಡತಗಳಿವೆ ಎಂದುಕೊಳ್ಳಿ. ಒಂದು ಮೂಲ ಧ್ವನಿಮುದ್ರಣ, ಇನ್ನೊಂದು ಅದನ್ನೇ ಕುಗ್ಗಿಸಿದ ಎಂಪಿ3. ಯಾವುದು ಯಾವುದೆಂದು ತಿಳಿದು ಕೇಳಿದವರು ಮೂಲದಲ್ಲಿ ಗಾಯಕಿಯ ಉಸಿರೂ ಕೇಳಿಸುತ್ತದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಿವಿ ಬಾಯಿ ತೆರೆಯುವ ಮೊದಲೇ ಹೆಸರು ತೀರ್ಪು ಕೊಟ್ಟಿರುತ್ತದೆ, ಅಷ್ಟೆ.

ಆ ಹೆಸರನ್ನು ಮರೆಮಾಡುವ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಬಿಎಕ್ಸ್. ‘ಎ’ ಮತ್ತು ‘ಬಿ’ ಯಾವುವೆಂದು ಕೇಳುಗನಿಗೆ ಗೊತ್ತು. ‘ಎಕ್ಸ್’ ಅವೆರಡರಲ್ಲಿ ಒಂದು, ಯಾವುದೆಂದು ಗೊತ್ತಿಲ್ಲ. ಮೂರನ್ನೂ ಬೇಕಾದಷ್ಟು ಸಲ ಕೇಳಿ, ಎಕ್ಸ್ ಯಾವುದೆಂದು ಹೇಳಬೇಕು. ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿ ಈ ಹೆಸರಿನ ವಿಧಾನವನ್ನು ವಿವರಿಸಿದರು. ಇಂಗ್ಲಿಷಿನ ‘ಬ್ಲೈಂಡ್ ಟೆಸ್ಟ್’ ಅನ್ನು ‘ಅಂಧ ಪರೀಕ್ಷೆ’ ಎಂದು ಬರೆಯುವುದುಂಟು. ನನಗೆ ಅದು ಹಿಡಿಸುವುದಿಲ್ಲ. ಇಲ್ಲಿ ಯಾರ ಕಣ್ಣಿಗೂ ಏನೂ ಆಗಿಲ್ಲ, ಮರೆಯಾಗಿರುವುದು ಹೆಸರು ಮಾತ್ರ. ಪರೀಕ್ಷೆ ನಡೆಸುವವನಿಗೂ ಉತ್ತರ ಗೊತ್ತಿರದಿದ್ದರೆ ಅದು ‘ಡಬಲ್ ಬ್ಲೈಂಡ್’. ನಡೆಸುವ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸಿದರೆ ಮುಖಭಾವದಿಂದ ಗುಟ್ಟು ಬಯಲಾಗುವ ಭಯವಿಲ್ಲ.

ಆದರೆ ತಂತ್ರಾಂಶಕ್ಕೂ ಗುಟ್ಟು ಬಿಟ್ಟುಕೊಡುವ ದಾರಿಗಳು ಹಲವು. ಎರಡು ಕಡತ ನುಡಿಸುವ ಗುಂಡಿಗಳನ್ನು ಒಂದು ಸಂಜೆಯಲ್ಲಿ ಬರೆಯಬಹುದು. ಉಳಿದ ಶ್ರಮವೆಲ್ಲ ಸುಳಿವುಗಳನ್ನು ಅಳಿಸುವುದಕ್ಕೆ. ಮೊದಲನೆಯದು ಧ್ವನಿಯ ಗಟ್ಟಿತನ, ಅಳೆಯುವುದು ಡೆಸಿಬೆಲ್‌ಗಳಲ್ಲಿ. ಎರಡರ ಮಟ್ಟದಲ್ಲಿ ಅರ್ಧ ಡೆಸಿಬೆಲ್ ವ್ಯತ್ಯಾಸವಿದ್ದರೂ ಅದು ಎಷ್ಟೋ ಸಲ ‘ಗಟ್ಟಿ’ ಎಂದು ಕೇಳಿಸುವುದಿಲ್ಲ, ‘ಸ್ಪಷ್ಟ’ ಎಂದು ಕೇಳಿಸುತ್ತದೆ. ಆದ್ದರಿಂದ ಎರಡನ್ನೂ 0.1 ಡೆಸಿಬೆಲ್‌ನೊಳಗೆ ಸರಿದೂಗಿಸುವುದು ರೂಢಿ.

ಎರಡನೆಯದು ಕಾಲ, ಇದು ಇನ್ನೂ ಕಿಲಾಡಿ. ಡಿಜಿಟಲ್ ಧ್ವನಿಯೆಂದರೆ ಸ್ಯಾಂಪಲ್‌ಗಳೆಂಬ ಬಿಡಿ ಅಳತೆಗಳ ಸಾಲು. ಎಂಪಿ3 ಮಾಡುವ ಲೇಮ್ ಎಂಬ ಎನ್‌ಕೋಡರ್ (ಕುಗ್ಗಿಸುವ ತಂತ್ರಾಂಶ) ಶುರುವಿನಲ್ಲಿ 576 ಸ್ಯಾಂಪಲ್‌ಗಳಷ್ಟು ವಿಳಂಬ ಸೇರಿಸುತ್ತದೆ, ಅದನ್ನು ಮತ್ತೆ ಧ್ವನಿಯಾಗಿ ಬಿಡಿಸುವ ಡಿಕೋಡರ್ ಇನ್ನೂ 529. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಇದು ಸುಮಾರು 25 ಮಿಲಿಸೆಕೆಂಡ್. ಇದನ್ನು ಕತ್ತರಿಸದೆ ಬಿಟ್ಟರೆ, ಎ-ಯಿಂದ ಬಿ-ಗೆ ಹಾರಿದಾಗ ತಾಳ ಸ್ವಲ್ಪ ಎಡವುತ್ತದೆ. ಆಗ ಕೇಳುಗ ಗುರುತಿಸುವುದು ಗುಣಮಟ್ಟವನ್ನಲ್ಲ, ಆ ಎಡವುವಿಕೆಯನ್ನು. ಪರದೆಯ ಮೇಲೆ ಕಡತದ ಒಟ್ಟು ಅವಧಿ ತೋರಿಸಿದರೆ ಕಿವಿಯೂ ಬೇಕಾಗಿಲ್ಲ! ಹಾಗಾಗಿ ಎರಡನ್ನೂ ಮೊದಲೇ ಡಿಕೋಡ್ ಮಾಡಿ, ಒಂದೇ ಸ್ಯಾಂಪಲ್ ದರಕ್ಕೆ ತಂದು, ಸ್ಯಾಂಪಲ್‌ಗೆ ಸ್ಯಾಂಪಲ್ ಹೊಂದಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು.

ಬಹಳ ಜನ ಮರೆಯುವ ಸುಳಿವು ಬೇರೊಂದಿದೆ. ಎ ಕೇಳುತ್ತಿರುವಾಗ ಎಕ್ಸ್ ಒತ್ತುತ್ತೀರಿ. ಎಕ್ಸ್ ಕೂಡ ಎ ಆಗಿದ್ದರೆ ಧ್ವನಿ ಅಡೆತಡೆಯಿಲ್ಲದೆ ಹರಿಯುತ್ತದೆ. ಬಿ ಆಗಿದ್ದರೆ ‘ಟಿಕ್’ ಎಂಬ ಸಣ್ಣ ಸದ್ದು ಬರಬಹುದು. ಉತ್ತರ ಸಿಕ್ಕಿಬಿಟ್ಟಿತು. ಪರಿಹಾರ ಸರಳ: ಎಕ್ಸ್ ಯಾವುದೇ ಆಗಿರಲಿ, ಗುಂಡಿ ಒತ್ತಿದಾಗಲೆಲ್ಲ ಧ್ವನಿಯನ್ನು ಕೆಲವು ಮಿಲಿಸೆಕೆಂಡುಗಳಲ್ಲಿ ಪೂರ್ತಿ ಇಳಿಸಿ ಮತ್ತೆ ಏರಿಸುವುದು.

ಎಕ್ಸ್ ಅನ್ನು ಪ್ರತಿ ಸುತ್ತಿನಲ್ಲೂ ಹೊಸದಾಗಿ ನಾಣ್ಯ ಚಿಮ್ಮಿದಂತೆ ಆರಿಸಬೇಕು. ‘ನ್ಯಾಯವಾಗಿರಲಿ’ ಎಂದು ಎ ಎಂಟು, ಬಿ ಎಂಟು ಎಂದು ಹಂಚಿದರೆ, ಹಿಂದಿನ ಉತ್ತರಗಳನ್ನು ಎಣಿಸುತ್ತಾ ಬಂದವನಿಗೆ ಕೊನೆಯ ಸುತ್ತುಗಳು ಬಿಟ್ಟಿ. ಎಷ್ಟು ಸುತ್ತು ಎಂಬುದೂ ಮೊದಲೇ ನಿಗದಿಯಾಗಿರಬೇಕು. ಬರೀ ಊಹೆಯಿಂದ 16ರಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಂಭವ ಶೇ. 3.8, 10ರಲ್ಲಿ 8 ಅಥವಾ ಹೆಚ್ಚು ಆಗುವುದಕ್ಕೆ ಶೇ. 5.5. ನಡುವೆ ಅಂಕ ತೋರಿಸಿದರೆ, ಅದೃಷ್ಟ ನೆಟ್ಟಗಿರುವ ಗಳಿಗೆಯಲ್ಲಿ ನಿಲ್ಲಿಸುವ ಚಪಲ ಯಾರಿಗಾದರೂ ಬರುತ್ತದೆ, ಆಮೇಲೆ ಈ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

16ರಲ್ಲಿ 9 ಬಂತು ಎನ್ನೋಣ. ‘ವ್ಯತ್ಯಾಸವೇ ಇಲ್ಲ’ ಎಂದು ಸಾಬೀತಾಯಿತೇ? ಇಲ್ಲ. ಈ ಕೇಳುಗ, ಈ ಹಾಡಿನಲ್ಲಿ, ಈ ಹೆಡ್‌ಫೋನ್‌ನಲ್ಲಿ ವ್ಯತ್ಯಾಸ ಗುರುತಿಸಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದಷ್ಟೇ ಹೇಳಬಹುದು. 15 ಬಂದರೂ ಯಾವುದು ಚೆನ್ನ ಎಂಬುದಕ್ಕೆ ಎಬಿಎಕ್ಸ್ ಉತ್ತರಿಸುವುದಿಲ್ಲ. ಅದಕ್ಕೆ ಇರುವುದು ಮುಶ್ರಾ ಎಂಬ ಇನ್ನೊಂದು ವಿಧಾನ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್.1534 ಶಿಫಾರಸು. ಅದರಲ್ಲಿ ಹಲವು ಮಾದರಿಗಳಿಗೆ 0ಯಿಂದ 100ರವರೆಗೆ ಅಂಕ ಕೊಡಬೇಕು. ಮಾದರಿಗಳ ನಡುವೆ ಮೂಲ ಧ್ವನಿಯೂ ಹೆಸರಿಲ್ಲದೆ ಕುಳಿತಿರುತ್ತದೆ, 3.5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿ ಬೇಕೆಂದೇ ಕೆಡಿಸಿದ ಪ್ರತಿಯೂ ಇರುತ್ತದೆ. ಆ ಮೂಲಕ್ಕೇ ಮತ್ತೆ ಮತ್ತೆ ಕಡಿಮೆ ಅಂಕ ಕೊಟ್ಟವರನ್ನು ಲೆಕ್ಕದಿಂದ ಬಿಡಲಾಗುತ್ತದೆ.