ಗಂಟು ಎಲ್ಲಿದೆ ಅಂತ ಮೊದಲು ಹೇಳಿ

ಕಂಕುಳಲ್ಲಿ ಗಂಟು ಬಂದಿದೆ ಎಂದು ಗಾಬರಿಯಾಗಿ ಬರುವವರು ಬಹಳ. ಗಂಟು ಮುಟ್ಟಿ ನೋಡಿದ ಮೇಲೆ ನಾನು ಅವರ ಬೆರಳುಗಳನ್ನು ನೋಡುತ್ತೇನೆ. ಎಷ್ಟೋ ಸಲ ಅಲ್ಲೊಂದು ಉಗುರುಸುತ್ತು ಇರುತ್ತದೆ. ಕೈಯಿಂದ ಹೊರಟ ದುಗ್ಧರಸ (ಲಿಂಫ್ ಎಂಬ ದ್ರವ) ಕಂಕುಳಿನ ದುಗ್ಧಗ್ರಂಥಿಗಳ ಮೂಲಕವೇ ಹಾದುಹೋಗಬೇಕು. ಹಾಗಾಗಿ ಗಂಟು ಎಲ್ಲಿದೆ ಎಂದು ತಿಳಿದರೆ ತೊಂದರೆ ಎಲ್ಲಿ ಶುರುವಾಯಿತು ಎಂದು ಹಿಂದಕ್ಕೆ ಹುಡುಕಬಹುದು.

ಈ ರಸ ಬರುವುದು ರಕ್ತದಿಂದಲೇ. ಸಣ್ಣ ರಕ್ತನಾಳಗಳಿಂದ ದ್ರವ ಸದಾ ಹೊರಗೆ ಜಿನುಗುತ್ತಿರುತ್ತದೆ. ಅದರಲ್ಲಿ ದಿನಕ್ಕೆ ಸುಮಾರು 3 ಲೀಟರ್, ಜೊತೆಗೆ ಹೊರಬಿದ್ದ ಪ್ರೋಟೀನು, ದುಗ್ಧನಾಳಗಳ ದಾರಿಯಲ್ಲೇ ರಕ್ತಕ್ಕೆ ವಾಪಸ್ ಹೋಗುತ್ತದೆ. ಈ ನಾಳಗಳ ಶುರುವಿನ ತುದಿ ಮುಚ್ಚಿರುತ್ತದೆ. ಅದರ ಗೋಡೆಯ ಕೋಶಗಳು ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಿರುತ್ತವೆ, ಒಳಗೆ ಮಾತ್ರ ತೆರೆಯುವ ಬಾಗಿಲಿನ ಹಾಗೆ. ತಳ್ಳಲು ಹೃದಯದಂಥ ಪಂಪ್ ಇಲ್ಲ. ದೊಡ್ಡ ನಾಳಗಳು ತಾವೇ ಹಿಂಡಿಕೊಳ್ಳುತ್ತವೆ, ಉಸಿರಾಟ ಮತ್ತು ಸ್ನಾಯುಗಳ ಚಲನೆ ನೆರವಾಗುತ್ತವೆ, ಕವಾಟಗಳು ಹಿಂದೆ ಹರಿಯಲು ಬಿಡುವುದಿಲ್ಲ.

ದಾರಿಯಲ್ಲಿ ನೂರಾರು ಗ್ರಂಥಿಗಳಿವೆ. ರೋಗಾಣುವಿನ ಚೂರು ಅಲ್ಲಿಗೆ ಬಂದರೆ ಅದನ್ನು ಗುರುತಿಸುವ ಬಿಳಿರಕ್ತಕಣಗಳು ಒಂದಕ್ಕೆ ಹತ್ತಾಗಿ ಬೆಳೆಯುತ್ತವೆ. ಗ್ರಂಥಿ ಊದುತ್ತದೆ, ಹೊರಕವಚ ಬಿಗಿದು ನೋವಾಗುತ್ತದೆ. ಅಂದರೆ ನೋಯುವ ಗಂಟು ಹೆಚ್ಚಿನ ಸಲ ಕೆಲಸ ಮಾಡುತ್ತಿರುವ ಗ್ರಂಥಿ ಅಷ್ಟೇ.

ಗಂಟಲು ನೋವಿಗೆ ದವಡೆಯ ಮೂಲೆಯ ಕೆಳಗೆ, ತಲೆಯ ಹುಣ್ಣಿಗೆ ಕತ್ತಿನ ಹಿಂದೆ, ಕಾಲಿನ ಗಾಯಕ್ಕೆ ತೊಡೆಸಂದಿಯಲ್ಲಿ. ಇದು ಸುಲಭ, ಅಲ್ವಾ? ಆದರೆ ವೃಷಣದ ರಸ ತೊಡೆಸಂದಿಗೆ ಹೋಗುವುದಿಲ್ಲ. ಭ್ರೂಣದಲ್ಲಿ ವೃಷಣ ಹೊಟ್ಟೆಯೊಳಗೆ ಹುಟ್ಟಿ ಕೆಳಗಿಳಿಯುತ್ತದೆ, ತನ್ನ ನಾಳಗಳನ್ನೂ ಎಳೆದು ತರುತ್ತದೆ. ಅದಕ್ಕೇ ಅಲ್ಲಿನ ಕ್ಯಾನ್ಸರ್ ಮೊದಲು ಹರಡುವುದು ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ.

ಎಡ ಬಲ ಕೂಡ ಸಮ ಇಲ್ಲ. ತಲೆ, ಕತ್ತು, ಎದೆ ಇವುಗಳ ಬಲಭಾಗದ ಮತ್ತು ಬಲಗೈಯ ರಸ ಬಲಕ್ಕೆ ಸೇರುತ್ತದೆ. ಉಳಿದ ದೇಹದ್ದೆಲ್ಲ ಎದೆಯ ದೊಡ್ಡ ನಾಳದ ಮೂಲಕ ಎಡ ಕತ್ತಿನ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಕರುಳು ಹೀರಿದ ಕೊಬ್ಬು ಬರುವುದೂ ಅದೇ ದಾರಿಯಲ್ಲಿ. 1622ರಲ್ಲಿ ಇಟಲಿಯ ವೈದ್ಯ ಗ್ಯಾಸ್ಪರೆ ಅಸೆಲ್ಲಿ ಆಗತಾನೇ ಊಟ ಮಾಡಿದ್ದ ನಾಯಿಯ ಹೊಟ್ಟೆಯಲ್ಲಿ ಬಿಳಿ ಎಳೆಗಳನ್ನು ಕಂಡದ್ದು ಈ ಕೊಬ್ಬಿನಿಂದಲೇ. ಎಡ ಕೊರಳೆಲುಬಿನ ಮೇಲೆ ಗಟ್ಟಿ ಗಂಟು ಸಿಕ್ಕರೆ ಜಠರದ ಕಡೆಯೂ ಹುಡುಕುವುದು ಹೊಟ್ಟೆಯ ರಸವೂ ಎಡಕ್ಕೇ ಬರುವ ಕಾರಣಕ್ಕೆ.

ದಾರಿ ಕಟ್ಟಿದರೆ ಊತ ಬರುತ್ತದೆ. ಆನೆಕಾಲು ರೋಗದಲ್ಲಿ ಹುಳುಗಳು ನಾಳಗಳನ್ನು ಕೆಡಿಸುತ್ತವೆ. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿ ತೆಗೆದ ಕೆಲವರಿಗೆ ಕೈ ಊದುತ್ತದೆ. ತರಬೇತಾದವರು ಮಾಡುವ ಮಸಾಜು ಅವರಿಗೆ ನಿಜಕ್ಕೂ ಉಪಯೋಗ. ಆರೋಗ್ಯವಂತರಿಗೆ ‘ವಿಷ ತೆಗೆಯುವ’ ದುಗ್ಧ ಮಸಾಜು ಮಾತ್ರ ಸುಮ್ನೆ ಖರ್ಚು. ರಸ ಸೇರುವುದು ರಕ್ತಕ್ಕೇ, ಹೊರಗಲ್ಲ.

ನೋವಿಲ್ಲದ, ಗಟ್ಟಿಯಾದ, ಸರಿಸಿದರೆ ಅಲುಗದ ಗಂಟು, ಕೊರಳೆಲುಬಿನ ಮೇಲಿನ ಗಂಟು, ಕೆಲವು ವಾರ ಕಳೆದರೂ ಕರಗದ ಗಂಟು, ಇಲ್ಲವೇ ಗಂಟಿನ ಜೊತೆಗೆ ಜ್ವರ, ರಾತ್ರಿ ಬೆವರು ಅಥವಾ ತೂಕ ಇಳಿಕೆ, ಇವುಗಳಲ್ಲಿ ಯಾವುದು ಇದ್ದರೂ ತಡಮಾಡದೆ ತೋರಿಸಿ. ಕಾರಣ ಗೊತ್ತಾಗುವ ಮೊದಲೇ ಸ್ಟೀರಾಯ್ಡ್ ಮಾತ್ರೆ ನುಂಗಬೇಡಿ. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಇದ್ದರೆ ಗಂಟು ಸ್ವಲ್ಪ ದಿನ ಕುಗ್ಗುತ್ತದೆ, ಆಮೇಲೆ ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ರೋಗ ಸರಿಯಾಗಿ ಸಿಗದೆ ಹೋಗಬಹುದು.